ರೆಫ್ರಿಯ ಪಾದ ಮುಟ್ಟಿದ ಡಿಫೆಂಡರ್

ಅವನ ಬಲಗೈಯ ಎರಡು ಬೆರಳುಗಳು ನೆಟ್ಟಗಾಗುತ್ತಿರಲಿಲ್ಲ. ಕಬಡ್ಡಿ ಅಂಕಣದ ಮೂಲೆಯಲ್ಲಿ ನಿಂತು, ರೈಡರುಗಳ ಕಣಕಾಲು ಹಿಡಿದೂ ಹಿಡಿದೂ ಕೊಕ್ಕೆಯ ಹಾಗೆ ಬಾಗಿದ್ದವು. ಚಹಾದ ಲೋಟವನ್ನೂ ಅದು ತಪ್ಪಿಸಿಕೊಂಡು ಓಡೀತೆಂಬಂತೆ ಹಿಡಿಯುತ್ತಿದ್ದ. ಬಾಗಲಕೋಟೆ ಕಡೆಯವನು. ಅಹಮದಾಬಾದಿನ ತಂಡಕ್ಕೆ ಆಡಲು ಬಂದು, ನವರಂಗಪುರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ.

ಬೆಳಿಗ್ಗೆ ಅಭ್ಯಾಸಕ್ಕೆ ಹೊರಡುವ ಮೊದಲು ನನ್ನ ತಾಯಿಯ ಪಾದ ಮುಟ್ಟುವುದು ಅವನ ನಿಯಮ. ಅವನು ಬಗ್ಗುವ ವೇಗ ನೋಡಿ ಅಮ್ಮ ಬಾಗಿಲ ಚೌಕಟ್ಟನ್ನು ಭದ್ರವಾಗಿ ಹಿಡಿದುಕೊಂಡು, "ಮುಟ್ಟಪ್ಪ ಸಾಕು, ಹಿಡೀಬೇಡ" ಎನ್ನುತ್ತಿದ್ದರು.

ಈ ಅಭ್ಯಾಸವೇ ಅವನಿಗೆ ಮುಳುವಾಯಿತು. ಸೂರತ್‌ನ ಪಂದ್ಯವೊಂದರಲ್ಲಿ ರೆಫ್ರಿ ಅವನನ್ನು ಔಟ್ ಎಂದರು. ವಾದಿಸುವುದು ಅವನ ಜಾಯಮಾನವಲ್ಲ. ಹಿರಿಯರಲ್ಲವೇ ಎಂದು ನಮಸ್ಕರಿಸಲು ಬಗ್ಗಿದ. ರೆಫ್ರಿ ಒಂದು ಕಾಲದಲ್ಲಿ ಹೆಸರಾಂತ ರೈಡರ್. ಕಾಲಿನತ್ತ ಕೈ ಬಂದದ್ದೇ ಹಿಂದಕ್ಕೆ ಹಾರಿ ಸ್ಕೋರರ್‌ಗಳ ಮೇಜಿನ ಮೇಲೆ ಅಂಗಾತ ಬಿದ್ದರು. ಲೀಗ್ ಅದನ್ನು ಹಲ್ಲೆ ಎಂದು ಕರೆದು ಒಂದು ವರ್ಷ ಅಮಾನತು ಮಾಡಿತು. ಅವನಿಗಾಗ ಮೂವತ್ಮೂರು. ಆ ವಯಸ್ಸಿನಲ್ಲಿ ಒಂದು ವರ್ಷ ಹೊರಗೆ ಕೂತವನನ್ನು ಯಾವ ತಂಡವೂ ಮತ್ತೆ ಕರೆಯುವುದಿಲ್ಲ.

"ಬೈದಿದ್ರ ಒಂದ್ ಮ್ಯಾಚ್ ಹೋಗ್ತಿತ್ರೀ. ನಮಸ್ಕಾರ ಮಾಡಿದ್ದಕ್ಕ ವರ್ಷಾನ ಹೋತು" ಎಂದ.

ಕೋರ್ಟಿಗೆ ಹೋದ. ಕೋರ್ಟು ನಿವೃತ್ತ ನ್ಯಾಯಾಧೀಶರೊಬ್ಬರನ್ನು ಮಧ್ಯಸ್ಥರನ್ನಾಗಿ ನೇಮಿಸಿತು. ಅವರ ಮುಂದೆ ಅಮ್ಮ ಸಾಕ್ಷಿ ಹೇಳಿದರು: ಈ ಹುಡುಗ ದಿನವೂ ನನ್ನ ಪಾದ ಮುಟ್ಟುತ್ತಾನೆ, ನಾನು ಒಮ್ಮೆಯೂ ಬಿದ್ದಿಲ್ಲ. ಈ ಮಾತಾಜಿ ಎಂದೂ ರೈಡ್ ಮಾಡಿದವರಲ್ಲ ಎಂದು ಲೀಗಿನ ವಕೀಲರು ಆಕ್ಷೇಪ ಎತ್ತಿದರು.

ಅಮ್ಮನನ್ನು ಕರೆದುಕೊಂಡು ಹೋಗಿದ್ದರಿಂದ ಮುಂದಿನದಕ್ಕೆ ನಾನೂ ಸಾಕ್ಷಿ. ಸುದ್ದಿಮನೆಯಲ್ಲಿ ಕೆಲಸ ಮಾಡಿದವನಾದ್ದರಿಂದ ಕಂಡಷ್ಟನ್ನೇ ಬರೆಯುತ್ತೇನೆ. ಸಾಕ್ಷಿಗೆ ಬಂದಿದ್ದ ರೆಫ್ರಿಯನ್ನೂ ಎದುರಿಗೆ ನಿಲ್ಲಿಸಿ, ಆ ದಿನ ನಡೆದದ್ದನ್ನು ಇಲ್ಲೇ ಮಾಡಿ ತೋರಿಸಿ ಎಂದರು ಮಧ್ಯಸ್ಥರು. ಡಿಫೆಂಡರ್ ಬಗ್ಗಿದ, ಈ ಸಲ ಬಹಳ ನಿಧಾನವಾಗಿ. ಬೆರಳು ಪಾದಕ್ಕೆ ಇನ್ನೂ ಒಂದು ಮೊಳ ದೂರವಿತ್ತು. ರೆಫ್ರಿ ಹಾರಿದರು. ಕಡತಗಳ ಕಪಾಟಿಗೆ ಬೆನ್ನು ತಾಗಿಸಿ ನಿಂತು, ಎಲ್ಲರಿಗಿಂತ ಮೊದಲು ತಾವೇ ನಕ್ಕರು.

"ಸಾಹೇಬ್, ಪಗ್‌ನೇ ಆದತ್ ಛೇ."

ಅಭ್ಯಾಸ ಕಾಲಿನದು, ತಮ್ಮದಲ್ಲ ಎಂಬುದು ಅವರ ಸಮಜಾಯಿಷಿ. ಅಮಾನತು ರದ್ದಾಯಿತು. ಷರತ್ತು ಒಂದೇ: ಅಂಕಣದಲ್ಲಿ ಯಾರ ಪಾದವನ್ನೂ ಮುಟ್ಟಕೂಡದು, ಎದುರಾಳಿ ರೈಡರುಗಳನ್ನು ಹೊರತುಪಡಿಸಿ.

ಇನ್ನೆರಡು ಸೀಸನ್ ಆಡಿದ. ಔಟಾದಾಗಲೆಲ್ಲ ಅರ್ಧ ಬಗ್ಗಿ, ಷರತ್ತು ನೆನಪಾಗಿ, ಶೂ ಲೇಸು ಬಿಗಿಮಾಡಿ ಎದ್ದು ಹೋಗುತ್ತಿದ್ದ. ಆಮೇಲೆ ಸೂರತ್‌ನ ಉಧ್ನಾದಲ್ಲಿ ಜವಳಿ ಕಾರ್ಮಿಕರ ಮಕ್ಕಳಿಗೆ ಕಬಡ್ಡಿ ಕಲಿಸತೊಡಗಿದ.

ಕಳೆದ ಚಳಿಗಾಲದಲ್ಲಿ ಅಮ್ಮ ತೀರಿಕೊಂಡರು. ಸುದ್ದಿ ತಿಳಿದು ಸಿಕ್ಕ ರೈಲು ಹತ್ತಿ ಬಂದ. ನಡುಮನೆಯಲ್ಲಿ ಮಲಗಿಸಿದ್ದ ಅಮ್ಮನ ಕಾಲ ಬಳಿ ಕೂತ. ಅವತ್ತು ಮುಟ್ಟಲಿಲ್ಲ, ಹಿಡಿದುಕೊಂಡ. ಬಿಡಿಸಲು ಮೂವರು ಬೇಕಾದರು.