ಕೇಳಿ ನಡೆದವಳ ದಾರಿ

ಕಮಲಾಪುರದ ಹಣಮಮ್ಮನ ಹೊಲಕ್ಕೆ ರಸ್ತೆ ಇಲ್ಲ. ಎರಡೆಕರೆ ಕೆಂಪು ಬಾಳೆ. ಒಂದು ಕಡೆ ಹಳ್ಳ, ಎರಡು ಕಡೆ ಬೇರೆಯವರ ತೋಟದ ಬೇಲಿ. ಉಳಿದದ್ದು ದೌಲಪ್ಪ ಗೌಡರ ಹೊಲದೊಳಗಿನ ಬಂಡಿದಾರಿ ಒಂದೇ. ಮದುವೆಯಾಗಿ ಬಂದ ಮೂವತ್ನಾಲ್ಕು ವರ್ಷ ಅವಳು ಗೊನೆ ಹೊತ್ತು ಡಾಂಬರು ರಸ್ತೆ ಮುಟ್ಟಿದ್ದು ಅದರ ಮೇಲೆಯೇ.

ಆ ದಾರಿಯ ಬಾಯಿಗೆ ಸೋಮವಾರ ಕಲ್ಲುಕಂಬಗಳು ಬಂದು ಬಿದ್ದವು. ದೌಲಪ್ಪ ತೀರಿಕೊಂಡು ವರ್ಷವಾಗಿತ್ತು. ಮಗ ಮಹಾದೇವ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡವನು. ಹೊಲಕ್ಕೆ ಬೇಲಿ ಹಾಕಿಸಿ ಸೈಟು ಮಾಡಿ ಮಾರುವವನಿದ್ದ. ಜಗಳಕ್ಕೇನೂ ಬರಲಿಲ್ಲ. ಕಾರಿನಿಂದಿಳಿದು ಅವಳ ಕಾಲು ಮುಟ್ಟಿದ.

"ಕಾಕಿ, ನಿನ್ನ ಯಾರು ತಡೀತಾರ? ಈ ಬಾಂಡ್ ಪೇಪರ್ ಮ್ಯಾಲ ಒಂದು ಸಹಿ ಮಾಡು. ನನ್ನ ಅನುಮತಿ ಮ್ಯಾಲ ತಿರುಗಾಡ್ತಿ ಅಂತ ಬರಸೀನಿ, ಅಷ್ಟ. ಗುರುವಾರದ ತನಕ ಕಂಬ ನೆಡಂಗಿಲ್ಲ."

"ಸಹಿ ಮಾಡ್ಲಿಲ್ಲಂದ್ರ?"

"ಹೆಲಿಕಾಪ್ಟರ್ ತರಸು," ಎಂದು ನಕ್ಕ. ಕಂಬ ಇಳಿಸುತ್ತಿದ್ದವರೂ ನಕ್ಕರು.

ಹಣಮಮ್ಮ ಕಾಗದ ತೆಗೆದುಕೊಂಡು ಮಡಚಿದಳು. ತೋಟದಲ್ಲಿ ನಲವತ್ತು ಗೊನೆ ಬಲಿತು ನಿಂತಿದ್ದವು, ಎಂಟು ದಿನ ತಡೆದರೆ ಗಿಡದಲ್ಲೇ ಒಡೆಯುತ್ತಿದ್ದವು. ಸಹಿ ಹಾಕಿಬಿಡುತ್ತಿದ್ದಳೋ ಏನೋ. ಅವಳ ಬಾಳೆ ಸಾಗಿಸುವ ಟೆಂಪೋದ ನಬಿಸಾಬ್ ತಡೆದ. "ಅಕ್ಕಾ, ಕಾಲು ಮುಟ್ಟಿ ಸಹಿ ಕೇಳಾಕತ್ಯಾನಂದ್ರ ಕಾಗದದಾಗ ಏನೋ ಅದ. ಮೊದಲ ವಕೀಲರಿಗೆ ತೋರ್ಸು."

ಮರುದಿನ ಕಲಬುರಗಿಗೆ ಹೋದಳು. ಬ್ರಹ್ಮಪುರದ ಓಣಿಯೊಂದರಲ್ಲಿ ವಕೀಲೆ ಆಸ್ಫಿಯಾರ ಆಫೀಸು. ಆಕೆ ಕಾಗದ ಎರಡು ಸಲ ಓದಿದರು. ಎರಡೂ ಹೊಲ ಹಿಂದೆ ಒಬ್ಬರದೇ ಆಗಿದ್ದವೇನು ಎಂದು ಕೇಳಿದರು. ಇಲ್ಲ ಎಂದಳು. ಒಂದೇ ಹೊಲ ಒಡೆದು ಎರಡಾಗಿದ್ದರೆ ಕಾನೂನೇ ದಾರಿ ಕೊಡಿಸುತ್ತಿತ್ತು, ಆ ಬಾಗಿಲು ಮುಚ್ಚಿತು ಎಂದರು.

"ಇನ್ನೊಂದು ಅದ. ಇಪ್ಪತ್ತು ವರ್ಷ ಎಲ್ಲರ ಕಣ್ಮುಂದ, ತಕರಾರಿಲ್ಲದ, ನನ್ನ ಹಕ್ಕು ಅಂತ ನಡದ್ರ ದಾರಿ ನಿಮ್ಮದಾಗ್ತದ. ನೆಲ ಅವರದ, ನಡಿಯೂ ಹಕ್ಕು ನಿಮ್ಮದು. ನೀವು ಗೌಡರ ಪರವಾನಗಿ ಎಂದೂ ಕೇಳಿಲ್ಲಲ್ಲ?"

ಹಣಮಮ್ಮ ಸೆರಗು ಸರಿಮಾಡಿಕೊಂಡಳು. ಇದಕ್ಕಾದರೂ ತನ್ನ ಹತ್ತಿರ ಒಳ್ಳೆ ಉತ್ತರವಿದೆ ಅನ್ನಿಸಿತು. "ಕೇಳದ ಹ್ಯಾಂಗ ಹೋಗೂದ್ರಿ ಮೇಡಂ? ವರ್ಷಾ ಮೊದಲನೇ ಗೊನಿ ಗೌಡ್ರ ಕಟ್ಟಿ ಮ್ಯಾಲ ಇಟ್ಟು, ಈ ವರ್ಷಾನೂ ನಿಮ್ಮ ಹೊಲದಾಗಿಂದ ಹೋಗ್ಲೇನ್ರಿ ಅಂತ ಕೇಳೇ ಉಳಿದದ್ದು ಕಡೀತಿದ್ದೆ. ಹೋಗವಾ ಅಂತಿದ್ರು. ಊರಿಗೆಲ್ಲಾ ಗೊತ್ತದ."

ಆಸ್ಫಿಯಾ ಪೆನ್ನು ಕೆಳಗಿಟ್ಟರು.

"ಏನ್ ತಪ್ಪಾತ್ರಿ?"

"ಕೇಳಿದ್ದ ತಪ್ಪಾತಮ್ಮಾ. ಕೇಳಿ ನಡದ್ರ ಅದು ಬರೇ ಪರವಾನಗಿ. ಕೊಟ್ಟವರು ಬ್ಯಾಡ ಅಂದ ದಿನ ಮುಗೀತು. ನಿಮ್ಮ ಅತ್ತಿನೂ ಕೇಳ್ತಿದ್ದರೇನು?"

"ಆಕಿ ಯಾರನ್ನ ಕೇಳ್ತಾಳ್ರಿ. ಗೌಡ್ರ ಅಪ್ಪಗ ಬೈಕೊಂತ ಹೋಗಾಕಿ, ಬೈಕೊಂತ ಬರಾಕಿ."

"ಆಕಿ ಇವತ್ತು ಇದ್ದಿದ್ರ ಕೇಸ್ ಗೆಲ್ತಿದ್ಲು."

ಇಂಥ ಕಾನೂನು ಇದು. ಬೈದುಕೊಂಡು ತುಳಿದವಳಿಗೆ ಹಕ್ಕು, ಬಾಳೆಗೊನೆ ಇಟ್ಟು ಕೈಮುಗಿದವಳಿಗೆ ಬೇಲಿ. ನೂರಾ ನಲವತ್ತು ವರ್ಷದ ಹಿಂದೆ ಇದನ್ನು ಬರೆದ ಬ್ರಿಟಿಷರು ಗೌಡರ ಕಟ್ಟೆ ನೋಡಿದವರಲ್ಲ, ಸರಿ. ಆಮೇಲೆ ಕುರ್ಚಿ ಹತ್ತಿದ ನಮ್ಮವರು ಏನು ನೋಡುತ್ತಿದ್ದರು? ಊರವರ ಮರ್ಯಾದೆ ಊರವರ ಕುತ್ತಿಗೆಗೇ ಹಗ್ಗವಾಗುವುದು ಕಣ್ಣಿಗೆ ಬೀಳದಷ್ಟು ದೂರ ಕೂತಿದ್ದರೇ?

"ಇದನ್ನ ಕೋರ್ಟಿನಾಗ ಕೇಳ್ತಾರೇನ್ರಿ?" ಹಣಮಮ್ಮ ಕುರ್ಚಿಯ ತುದಿಗೆ ಸರಿದಳು.

"ಕೇಳೇ ಕೇಳ್ತಾರ."

"ಸುಳ್ಳು ಹೇಳಬೇಕ್ರಿ?"

"ನಾ ಹೇಳ್ರಿ ಅನ್ನಂಗಿಲ್ಲ. ಅದು ಪರವಾನಗಿ ಅಲ್ಲ, ದೊಡ್ಡವರಿಗೆ ಕೊಡೂ ಮರ್ಯಾದಿ ಅಂತ ನಾ ವಾದ ಮಾಡ್ತೀನಿ. ಜಡ್ಜ್ ಸಾಹೇಬ್ರು ಒಪ್ಪಬಹುದು, ಒಪ್ಪದನೂ ಇರಬಹುದು. ಆದ್ರ ಈ ಕಾಗದಕ್ಕ ಸಹಿ ಬಿತ್ತಂದ್ರ ನನ್ನ ಕೈಯಾಗ ವಾದನೂ ಉಳಿಯಂಗಿಲ್ಲ. ಸ್ಟೇಗೆ ಅರ್ಜಿ ಹಾಕ್ತೀನಿ. ಆರ್ಡರ್ ಬರೂತನಕ ದಿನಾ ನಡೀರಿ. ಯಾರನ್ನೂ ಕೇಳಬ್ಯಾಡ್ರಿ."

ಬಸ್ಸಿನಲ್ಲಿ ಬರುವಾಗ ಅವಳಿಗೆ ಸೈಟಿನ ಭಯವೂ ಇರಲಿಲ್ಲ, ಕಂಬದ ಭಯವೂ ಇರಲಿಲ್ಲ. ಮೂವತ್ನಾಲ್ಕು ಗೊನೆಗಳ ಭಯ. ಒಂದೊಂದನ್ನೂ ತಾನೇ ತಲೆಯ ಮೇಲೆ ಹೊತ್ತು, ನಾಲ್ಕು ಮಂದಿ ನೋಡುವಂತೆ ಇಟ್ಟುಬಂದಿದ್ದಳು. ಆ ನಾಲ್ಕು ಮಂದಿಯೇ ಈಗ ಸಾಕ್ಷಿ. ಟಿಕೆಟ್ ಕೇಳಿದ ಕಂಡಕ್ಟರನಿಗೂ ಬೆಚ್ಚಿಬಿದ್ದಳು.

ಗುರುವಾರ ಬೆಳಿಗ್ಗೆ ಮಹಾದೇವ ದಾರಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಿದ್ದ. ತೊಡೆಯ ಮೇಲೆ ಅದೇ ಕಾಗದದ ಇನ್ನೊಂದು ಪ್ರತಿ, ಕೈಯಲ್ಲಿ ಮೊಬೈಲು. ಆಳುಗಳು ಗುಂಡಿ ತೋಡಲು ಶುರು ಮಾಡಿದ್ದರು. ರಸ್ತೆಯಲ್ಲಿ ನಬಿಸಾಬ್‌ನ ಟೆಂಪೋ.

ಹಣಮಮ್ಮ ಗೊನೆ ಹೊತ್ತು ಬಂದಳು. ಅವನ ಎದುರಿಗೆ ಬಂದಾಗ ತುಟಿ ತಾನಾಗಿ ತೆರೆಯಿತು. ಹೋಗ್ಲೇನಪಾ ಎಂಬ ಮಾತು ಹಲ್ಲಿನ ತನಕ ಬಂತು. ಬಾಯಿ ಮುಚ್ಚಿದಳು.

"ಯಾಕ ಕಾಕಿ, ಈ ವರ್ಷ ಕೇಳಂಗಿಲ್ಲೇನು? ನಮ್ಮಪ್ಪನ್ನ ಕೇಳ್ತಿದ್ದಿ." ವಿಡಿಯೋ ಶುರು ಮಾಡಿ ಮೊಬೈಲು ಅವಳ ಮುಖಕ್ಕೆ ಹಿಡಿದಿದ್ದ. "ಸುಮ್ನ ಒಂದು ಮಾತು ಕೇಳು. ಕಂಬ ತಗಸ್ತೀನಿ."

ಅವಳು ನಡೆದಳು. ಗುಂಡಿ ದಾಟಿ, ಗೊನೆಯನ್ನು ಟೆಂಪೋದ ಹಲಗೆಗೆ ಆನಿಸಿದಳು. ಕೈ ಬಿಗಿದುಕೊಂಡಿತ್ತು, ಬಿಡಲು ಬರಲಿಲ್ಲ. ನಬಿಸಾಬ್ ಬೆರಳು ಒಂದೊಂದಾಗಿ ಬಿಡಿಸಿ ಇಳಿಸಿಕೊಂಡ. "ಇನ್ನ ಮೂವತ್ತೊಂಬತ್ತು ಅದಾವಕ್ಕಾ," ಎಂದ ಮೆಲ್ಲಗೆ.

ತಿರುಗಿದಳು. ಮಹಾದೇವ ಕುರ್ಚಿಯನ್ನು ದಾರಿಯ ನಟ್ಟನಡುವೆ ಎಳೆದು ಹಾಕಿಕೊಂಡಿದ್ದ.

"ಕುರ್ಚಿ ಸರಸು, ಮಾದೇವಾ," ಎಂದಳು.

ಅವನು ಸರಿಸಲಿಲ್ಲ. ಅವಳು ಕುರ್ಚಿಗೂ ಗುಂಡಿಗೂ ನಡುವಿನ ಗೇಣು ಜಾಗದಲ್ಲಿ, ಅವನ ಮೊಣಕಾಲಿಗೆ ಸೀರೆ ತಾಗಿಸಿಕೊಂಡು, ಎರಡನೇ ಗೊನೆಗೆ ಹೊರಟಳು.