ಕಲ್ಲೂರು ಕ್ರಾಸಿನ ಟಯರಿನವನ ಮೇಲೆ ನಾನು ಹೊರಿಸಿದ ಕಳವು

ಕಲ್ಲೂರು ಕ್ರಾಸಿನಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿರುವವನು ಕಳ್ಳನಲ್ಲ. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ. ಅವನು ಕಳ್ಳ ಎಂದು ಮಾನ್ವಿಯಲ್ಲಿ ಎಲ್ಲರಿಗಿಂತ ಮೊದಲು ಹೇಳಿದವನು ನಾನು.

ನಾನು ಹೈಸ್ಕೂಲು ಮುಗಿಸಿ ಜೀಪು ಓಡಿಸಲು ಹೋದವನು. ಒಂದು ಕಚೇರಿಯ ಜೀಪನ್ನು ನಿವೃತ್ತಿಯಾಗುವವರೆಗೂ ಓಡಿಸಿದೆ. ಆ ಕೆಲಸ ನನಗೆ ಎರಡು ಅಭ್ಯಾಸ ಕಲಿಸಿತು. ಒಂದು, ಸ್ಟೆಪ್ನಿಯನ್ನು ಸುಮ್ಮನೆ ಮಲಗಿಸಬಾರದು, ಐದೂ ಟಯರುಗಳನ್ನು ಸರದಿಯ ಮೇಲೆ ಬದಲಿಸುತ್ತ ಸಮನಾಗಿ ಸವೆಸಬೇಕು ಎನ್ನುವುದು. ಎರಡನೆಯದು ಅನುಮಾನ. ರಿಪೇರಿಗೆ ಬಿಟ್ಟ ಗಾಡಿಯಿಂದ ಒಳ್ಳೆಯ ಟಯರು ಹೋಗಿ ಬೋಳು ಟಯರು ಬರುವುದನ್ನು ಕಣ್ಣಾರೆ ಕಂಡಿದ್ದೆ. ಹಾಗಾಗಿ ಟಯರುಗಳ ಒಳಮೈಗೆ ಬಣ್ಣದಿಂದ ಗುರುತು ಹಾಕುತ್ತಿದ್ದೆ, ಜಾಕು ಎತ್ತಿದಾಗಿನಿಂದ ಇಳಿಸುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ನಿವೃತ್ತಿಯಾದ ಮೇಲೂ ಆ ಕಣ್ಣು ಹೋಗಲಿಲ್ಲ. ತರಕಾರಿ ತೂಗುವವಳ ಬೆರಳನ್ನೂ ನೋಡುತ್ತಿದ್ದೆ.

ನನ್ನ ಮಗಳು ರಾಯಚೂರಿನ ಒಂದು ಶಾಲೆಯಲ್ಲಿ ಟೀಚರು. ಮಾನ್ವಿಯಲ್ಲಿ ನನ್ನ ಜೊತೆಗೇ ಇದ್ದಾಳೆ. ಅವಳು ಹೊಸ ಕಾರು ಕೊಂಡಾಗ ದಿನಾ ಕರೆದೊಯ್ದು ಕರೆತರುವ ಕೆಲಸ ನನ್ನದಾಯಿತು. ಆ ಕಾರಿನಲ್ಲಿ ಸ್ಟೇರಿಂಗಿನ ಮುಂದಿನ ಪರದೆಯ ಮೇಲೆ ನಾಲ್ಕು ಗಾಲಿಗಳ ಹವಾ ಎಷ್ಟಿದೆಯೆಂದು ಅಂಕಿಗಳು ಕಾಣುತ್ತವೆ. ಪ್ರತಿ ಗಾಲಿಯ ಒಳಗೆ, ವಾಲ್ವಿನ ಬುಡದಲ್ಲಿ, ಹೆಬ್ಬೆರಳಿನಷ್ಟು ಒಂದು ಸೆನ್ಸರ್ ಕುಳಿತು ಹವಾ ಅಳೆದು ಹೇಳುತ್ತದಂತೆ, ಹವಾ ಇಳಿದರೆ ಅಥವಾ ಅದರ ಸುದ್ದಿ ನಿಂತರೆ ಹಳದಿ ದೀಪ ಹತ್ತುತ್ತದಂತೆ. ಡಿಕ್ಕಿಯೊಳಗೆ ಉಳಿದ ನಾಲ್ಕರಷ್ಟೇ ದೊಡ್ಡದಾದ ಸ್ಟೆಪ್ನಿ ಇತ್ತು. ನನ್ನ ಹಳೆಯ ಅಭ್ಯಾಸಕ್ಕೆ ಅಷ್ಟು ಸಾಕಾಯಿತು.

ಒಂದು ಶುಕ್ರವಾರ ಮಗಳನ್ನು ಶಾಲೆಗೆ ಬಿಟ್ಟು ಮರಳುವಾಗ ಕಲ್ಲೂರು ಕ್ರಾಸಿನಲ್ಲಿ ನಿಲ್ಲಿಸಿದೆ. ಆ ಅಂಗಡಿ ಗಂಡ ಹೆಂಡತಿ ಇಬ್ಬರದು. ಅವನು ಗಾಲಿ ಬಿಚ್ಚಿದರೆ ಅವಳು ಹವಾ ಹಿಡಿಯುತ್ತಾಳೆ. ಕುರಿ ಕಾಯುವ ಮನೆತನದವರು, ಕುರಿ ಮಾರಿ ಕಂಪ್ರೆಸರ್ ತಂದವರು. ಮಾನ್ವಿಯ ರೈಸ್ ಮಿಲ್ಲುಗಳ ಲಾರಿ, ಕಾರುಗಳೆಲ್ಲ ಅಲ್ಲಿಯೇ ನಿಲ್ಲುತ್ತಿದ್ದವು. ಐದೂ ಗಾಲಿ ಬದಲಿಸಬೇಕು, ಸ್ಟೆಪ್ನಿಯನ್ನು ಹಿಂದಿನ ಬಲಕ್ಕೆ ಹಾಕಿ ಮುಂದಿನ ಎಡಗಾಲಿಯನ್ನು ಡಿಕ್ಕಿಗೆ ಹಾಕು ಎಂದೆ.

ಅವನು ಡಿಕ್ಕಿಯೊಳಗೆ ಇಣುಕಿ ನೋಡಿ, "ಸ್ಟೆಪ್ನಿ ಬಿಡ್ರಿ ಯಪ್ಪಾ. ಇದಕ್ಕ ಸೆನ್ಸರ್ ಇದ್ದಂಗಿಲ್ಲ. ನಾಕ ಅದಲಿ ಬದಲಿ ಮಾಡೂಣು. ಇಲ್ಲಂದ್ರ ನಾಳಿ ದೀಪ ಹತ್ತತದ" ಎಂದ.

"ಏ, ನೀ ಹುಟ್ಟೂಕಿಂತ ಮೊದ್ಲ ಗಾಲಿ ಬಿಚ್ಚೀನಿ ನಾ. ಹೇಳಿದಷ್ಟು ಮಾಡು" ಎಂದೆ.

"ಆತ್ರಿ, ನಿಮ್ಮ ಗಾಡಿ" ಎಂದು ಅವನು ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡ.

ಅಂದು ಒಂದು ತಪ್ಪು ಮಾಡಿದೆ. ರಸ್ತೆಯಾಚೆ ಚಹಾ ಕುಡಿಯಲು ಹೋದೆ. ಅವನು ಒಂದು ಗಾಲಿಯನ್ನು ಸೋರಿಕೆ ನೋಡಲು ಅಂಗಡಿಯ ಹಿಂದಿನ ದೋಣಿಗೆ, ನೀರು ತುಂಬಿದ ತೊಟ್ಟಿಗೆ, ಉರುಳಿಸಿಕೊಂಡು ಹೋದ. ಚಹಾ ಮುಗಿಯುವಷ್ಟು ಹೊತ್ತು ಆ ಗಾಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ಭಾನುವಾರ ಜಾಲಹಳ್ಳಿಯ ಬೀಗರ ಮನೆಗೆ ಹೊರಟೆವು. ದೇವದುರ್ಗ ಇನ್ನೂ ಮುಂದಿತ್ತು, ಹಳದಿ ದೀಪ ಮಿಟುಕತೊಡಗಿತು. ಒಂದು ನಿಮಿಷ ಮಿಟುಕಿ ಹಾಗೆಯೇ ಉರಿಯುತ್ತ ನಿಂತಿತು. ಪರದೆಯಲ್ಲಿ ಮುಂದಿನ ಎಡಗಾಲಿಯ ಅಂಕಿ ಇದ್ದ ಜಾಗದಲ್ಲಿ ಎರಡು ಗೀಟುಗಳು. ಇಳಿದು ನೋಡಿದೆ. ಮುಂದಿನ ಎಡಗಾಲಿಗೆ ಹೊಳೆಯುವ ಲೋಹದ ವಾಲ್ವು ಸರಿಯಾಗಿಯೇ ಇತ್ತು. ಗಾಡಿ ಸುತ್ತಿ ಬಂದೆ. ಹಿಂದಿನ ಬಲಗಾಲಿಗೆ ಮಾತ್ರ ಕರಿ ರಬ್ಬರಿನ ವಾಲ್ವು. ಮೂರಕ್ಕೆ ಲೋಹ, ಒಂದಕ್ಕೆ ರಬ್ಬರು. ಲೋಹದ ವಾಲ್ವಿನ ಸಮೇತ ಸೆನ್ಸರ್ ಬಿಚ್ಚಿಕೊಂಡು ರಬ್ಬರಿನದು ತುರುಕಿದ್ದಾನೆ ಅನ್ನಿಸಿತು. ಪರದೆ ಒಂದು ಗಾಲಿ ತೋರಿಸುತ್ತಿದೆ, ರಬ್ಬರು ಇನ್ನೊಂದರಲ್ಲಿದೆ, ಅಂದರೆ ಎರಡು ಕಡೆ ಕೈ ಹಾಕಿದ್ದಾನೆ. ದೀಪ ಹತ್ತುತ್ತದೆ ಎಂದು ಮೊದಲೇ ಹೇಳಿದ್ದನಲ್ಲ? ಕದಿಯುವ ಮುಂಚೆಯೇ ನೆಪ ಕಟ್ಟಿಟ್ಟಿದ್ದ. ಅವನು ಒಳ್ಳೆಯದಕ್ಕೆ ಹೇಳಿದ ಮಾತು ಹೀಗೆ ನನ್ನ ಕೈಯಲ್ಲಿ ಸಾಕ್ಷಿಯಾಯಿತು.

ಡಿಕ್ಕಿಯನ್ನು ಮಾತ್ರ ತೆರೆದು ನೋಡಲಿಲ್ಲ. ಬೀಗರಿಗೆಂದು ಒಯ್ಯುತ್ತಿದ್ದ ಅಕ್ಕಿಯ ಚೀಲ ಸ್ಟೆಪ್ನಿಯ ಮುಚ್ಚಳದ ಮೇಲಿತ್ತು. ಅದನ್ನು ಎತ್ತಿದ್ದರೆ ಈ ಬರಹ ಬೇಕಾಗುತ್ತಿರಲಿಲ್ಲ.

ಸೋಮವಾರ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಇಳಿಯುತ್ತಲೇ ಕೂಗಿದೆ. ಮಿಲ್ಲಿನ ಇಬ್ಬರು ಡ್ರೈವರುಗಳು ಅಲ್ಲಿ ಬೀಡಿ ಸೇದುತ್ತಿದ್ದರು. "ಸೆನ್ಸರ್ ತಗಿ ಹೊರಗ. ಎಲ್ಲಿ ಇಟ್ಟಿ?"

"ಏನ್ ಸೆನ್ಸರ್‍ರಿ? ಡಿಕ್ಕಿ ತಗೀರಿ, ತೋರಸ್ತೀನಿ" ಎಂದು ಅವನು ಕಾರಿನ ಹಿಂದಕ್ಕೆ ನಡೆದ.

"ಗಾಡಿ ಮುಟ್ಟಬ್ಯಾಡ. ಇನ್ನೊಂದು ಬಿಚ್ಕೊಬೇಕಂತಿಯೇನು?"

ಅವನ ಕೈ ಅರ್ಧಕ್ಕೇ ನಿಂತಿತು. ನನ್ನ ಜೇಬಿನಲ್ಲಿ ಯಾವಾಗಲೂ ವಿಭೂತಿ ಗಟ್ಟಿ ಇರುತ್ತದೆ. ಅಂಗೈ ಮೇಲೆ ಇಟ್ಟು ಅವನ ಮುಂದೆ ಚಾಚಿದೆ. "ಹಂಗಾದ್ರ ಇದನ್ನ ಮುಟ್ಟಿ ಆಣಿ ಮಾಡು. ನಾ ತಗೊಂಡಿಲ್ಲ ಅಂತ ಹೇಳು. ನಾ ಸುಮ್ನ ಹೋಗ್ತೀನಿ."

ನಮ್ಮ ಕಡೆ ಇದು ಕೊನೆಯ ಮಾತು. ತಪ್ಪಿಲ್ಲದವನು ತಟ್ಟನೆ ಮುಟ್ಟುತ್ತಾನೆ, ಅಲ್ಲಿಗೆ ಜಗಳ ಮುಗಿಯುತ್ತದೆ. ಅವನು ಮುಟ್ಟಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಆಣಿ ಮಾಡಂಗಿಲ್ರಿ ನಾವು."

"ಯಾಕ?"

"ನಮ್ಮ ಮನ್ಯಾಗ ಇಲ್ರಿ. ಖರೇ ಇದ್ರೂ ಮಾಡಂಗಿಲ್ಲ."

ನಾನು ಡ್ರೈವರುಗಳ ಕಡೆ ತಿರುಗಿದೆ. "ನೋಡಿದ್ರಿಲ್ಲೋ?" ಅವರಲ್ಲೊಬ್ಬ ಬೀಡಿ ಬಿಸಾಕಿ, "ನೋಡಿದ್ವಿ ಬಿಡ್ರಿ, ತಿಳೀತು" ಎಂದ. ಅಷ್ಟೇ ಸಾಕಾಗಿತ್ತು. ಮರುದಿನ ಮಾನ್ವಿ ಬಸ್ ನಿಲ್ದಾಣದ ಬಳಿಯ ಚಹಾದಂಗಡಿಯಲ್ಲಿ ಈ ಕಥೆಯನ್ನು ನಾನೇ ಕುಳಿತು ಹೇಳಿದೆ. ವಿಭೂತಿ ಮುಟ್ಟಲು ಹೆದರಿದ ಎನ್ನುವಲ್ಲಿ ದನಿ ತಗ್ಗಿಸುತ್ತಿದ್ದೆ, ಕೇಳುವವರು ಮುಂದೆ ಬಾಗುತ್ತಿದ್ದರು. ಅದು ನನಗೆ ಹಿತವಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಹದಿನೈದು ದಿನಗಳ ಬಳಿಕ ಹೊಸ ಸೆನ್ಸರ್ ಹಾಕಿಸಲು ರಾಯಚೂರಿನ ಒಂದು ದೊಡ್ಡ ವರ್ಕ್‌ಶಾಪಿಗೆ ಹೋದೆ. ಒಂದು ಸೆನ್ಸರ್ ಕಳುವಾಗಿದೆ ಎಂದೆ. ಅಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಟಿವಿ ರಿಮೋಟಿನಂಥ ಒಂದು ಯಂತ್ರವನ್ನು ಗಾಲಿಗಳಿಗೆ ಹಿಡಿಯುತ್ತ ಬಂದಳು. ಮೂರು ಕಡೆ ಅದು ಕೂಗಿತು. ರಬ್ಬರ್ ವಾಲ್ವಿನ ಗಾಲಿಗೆ ಸುಮ್ಮನಿತ್ತು. ಅವಳು ಡಿಕ್ಕಿ ತೆರೆದು, ಮುಚ್ಚಳ ಎತ್ತಿ, ಯಂತ್ರವನ್ನು ಒಳಗೆ ಹಿಡಿದಳು. ಅಲ್ಲಿಯೂ ಸುಮ್ಮನಿತ್ತು. ನನ್ನ ಅನುಮಾನ ನಿಜವಾಯಿತು ಎಂದುಕೊಳ್ಳುತ್ತಿರುವಾಗಲೇ ಅವಳು ವಾಲ್ವು ಒತ್ತಿ ಸ್ವಲ್ಪ ಹವಾ ಬಿಟ್ಟಳು. ಯಂತ್ರ ಕೂಗಿತು.

"ಮಲಗಿತ್ರಿ ಇದು. ಗಾಲಿ ತಿರುಗ್ಲಿಲ್ಲಂದ್ರ ಮಲಗ್ತದ. ಮಲಗಿದ್ದಕ್ಕ ಗಾಡಿಗೆ ಸಿಗ್ನಲ್ ಸಿಕ್ಕಿಲ್ಲ. ನಿಮ್ಮ ಸೆನ್ಸರ್ ಡಿಕ್ಯಾಗ ಅದ ನೋಡ್ರಿ. ಯಾರೂ ತಗೊಂಡಿಲ್ಲ."

ಬಗ್ಗಿ ನೋಡಿದೆ. ಲೋಹದ ವಾಲ್ವು. ಆಗಲೂ ನನ್ನ ಮನಸ್ಸು ಒಪ್ಪಲಿಲ್ಲ. "ಮತ್ತ ಪರದೆ ಮ್ಯಾಲ ಮುಂದಿನ ಎಡಗಾಲಿ ಯಾಕ ತೋರಸ್ತದ?" ಎಂದು ಅವಳನ್ನೇ ಅನುಮಾನದಿಂದ ಕೇಳಿದೆ.

"ಗಾಡಿಗೇನ್ ಗೊತ್ರಿ ನೀವು ಗಾಲಿ ಬದಲಿ ಮಾಡೀರಂತ? ಅದು ಮುಂದಿನ ಎಡಗಡಿ ಇತ್ತು, ಗಾಡಿ ಇನ್ನಾ ಅಲ್ಲೇ ಹುಡಕಾಕತ್ತದ. ಸ್ಟೆಪ್ನಿಗೆ ಕಂಪನಿಯವ್ರು ಸೆನ್ಸರ್ ಹಾಕೇ ಇಲ್ಲ. ಐದೂ ತಿರಗಸಬೇಕಂದ್ರ ಐದನೇದು ಒಂದು ಹಾಕಸ್ರಿ, ಬದಲಿ ಮಾಡಿದಾಗೆಲ್ಲಾ ಯಾವ ಗಾಲಿ ಎಲ್ಲಿ ಅಂತ ಗಾಡಿಗೆ ಹೊಸದಾಗಿ ಕಲಸ್ರಿ. ಇಲ್ಲಂದ್ರ ನಾಕ ತಿರಗಿಸಿ ಸ್ಟೆಪ್ನಿ ಬಿಟ್ಟುಬಿಡ್ರಿ. ಅದರ ಹವಾ ಕೈಯಿಂದ ನೋಡ್ಕೋತ ಇದ್ರ ಸಾಕು."

ಗಾಲಿಗಳನ್ನು ಮೊದಲಿನ ಜಾಗಗಳಿಗೆ ಹಾಕಿಕೊಟ್ಟಳು. ಊರ ಹೊರಗೆ ಬರುವಷ್ಟರಲ್ಲಿ ದೀಪ ಆರಿತು. ಕಲ್ಲೂರು ಕ್ರಾಸಿನವನು ಅಂದು ಹೇಳಿದ್ದೂ ಇದನ್ನೇ. ಡಿಕ್ಕಿ ತೆರೆಯಿರಿ ಎಂದದ್ದೂ ಇದಕ್ಕೇ.

ಇಲ್ಲಿಯವರೆಗಿನದನ್ನು ತಿಳಿಯದೆ ಮಾಡಿದೆ ಎನ್ನಬಹುದು. ಇನ್ನು ಮುಂದಿನದು ತಿಳಿದು ಮಾಡಿದ್ದು. ಆ ಸಂಜೆ ಮಗಳಿಗೆ, "ಹೊಸದು ಹಾಕಿಸಿದೆ" ಎಂದೆ. ಚಹಾದಂಗಡಿಯಲ್ಲಿಯೂ ಹಾಗೆಯೇ ಹೇಳಿದೆ. ನಾಲ್ಕು ತಿಂಗಳು ದಿನಕ್ಕೆರಡು ಸಲ ಕಲ್ಲೂರು ಕ್ರಾಸನ್ನು ಕತ್ತು ತಿರುಗಿಸದೆ ದಾಟಿದೆ. ಆದರೂ ಕಾಣುವುದು ಕಾಣುತ್ತಿತ್ತು. ಮೊದಲು ಮಿಲ್ಲಿನ ಕಾರುಗಳು ನಿಲ್ಲುವುದು ನಿಂತಿತು, ಆಮೇಲೆ ಲಾರಿಗಳು. ಕೊನೆಗೆ ಟ್ರ್ಯಾಕ್ಟರಿನ ಟ್ಯೂಬುಗಳು, ಸೈಕಲ್ಲುಗಳು ಮಾತ್ರ ಉಳಿದವು. ಒಬ್ಬ ಟಯರಿನವನಿಗೆ ಕೈ ಶುದ್ಧ ಎಂಬ ಹೆಸರೊಂದೇ ಬಂಡವಾಳ. ಅದನ್ನು ನಾನು ಕಿತ್ತುಕೊಂಡು ಜೇಬಿನಲ್ಲಿಟ್ಟುಕೊಂಡಿದ್ದೆ.

ಒಂದು ಸಂಜೆ ಮಗಳನ್ನು ಕರೆದುಕೊಂಡು ಬರುವಾಗ ಕಲ್ಲೂರಿನ ಹತ್ತಿರ ದೀಪ ಮತ್ತೆ ಹತ್ತಿತು. ಈ ಸಲ ಹಿಂದಿನ ಎಡಗಾಲಿಯ ಅಂಕಿ ಕಣ್ಣೆದುರೇ ಇಳಿಯುತ್ತಿತ್ತು. ಮೊಳೆ ಹೊಕ್ಕಿತ್ತು. ಕ್ರಾಸು ಬಂದಾಗ ವೇಗ ತಗ್ಗಿಸಿದೆ.

"ಇಲ್ಲಿ ಬ್ಯಾಡಪ್ಪಾ" ಎಂದಳು ಮಗಳು. "ಆ ಕಳ್ಳ ಮತ್ತೊಂದು ಬಿಚ್ಕೊಂಡಾನು. ಮಾನ್ವಿಗೇ ಹೋಗೂಣು."

ಅಂಗಡಿಯ ಮುಂದೆ ಅವನ ಹೆಂಡತಿ ಹವಾದ ಪೈಪು ಹಿಡಿದು ನಿಂತಿದ್ದಳು. ನಮ್ಮ ಕುಂಟುವ ಗಾಡಿ ನೋಡಿ ಎರಡು ಹೆಜ್ಜೆ ಮುಂದೆ ಬಂದಳು, ಯಾರೆಂದು ಗುರುತು ಹಿಡಿದು ಅಲ್ಲಿಯೇ ನಿಂತಳು. ನಾನು ಮುಂದೆ ಹೋದೆ. ಟಯರು ಪಟಪಟ ಬಡಿಯತೊಡಗಿತು. ಎರಡು ಹೊಲ ದಾಟಿದ ಮೇಲೆ ನಿಲ್ಲಿಸಿದೆ. ನನ್ನ ಮಗಳು ಮಕ್ಕಳಿಗೆ ಪಾಠ ಹೇಳುವವಳು. ಅವಳ ಬಾಯಿಂದ ಬಂದ ಆ 'ಕಳ್ಳ' ನಾನು ಹಾಕಿದ ಮಾತು.

"ಅಂವಾ ತಗೊಂಡಿಲ್ಲವ್ವಾ. ಡಿಕ್ಯಾಗೇ ಇತ್ತು. ನನಗ ನಾಕ ತಿಂಗಳಿಂದ ಗೊತ್ತದ."

ಅವಳು "ಗಾಡಿ ತಿರಗಸು" ಎಂದಳು, ಅಷ್ಟೇ.

ತಿರುಗಿಸಿ ಅಂಗಡಿಯ ಮುಂದೆ ನಿಲ್ಲಿಸಿದಾಗ ಅವನು ಹೊರಬಂದ. ಜಾಕು ಎತ್ತಿ ಗಾಲಿ ಬಿಚ್ಚಿದ. ಅದನ್ನು ಹಿಂದಿನ ದೋಣಿಗೆ ಒಯ್ಯಲಿಲ್ಲ. ಈಗ ನೀರಿನ ದೋಣಿ ರಸ್ತೆಯ ಅಂಚಿಗೇ ಬಂದಿತ್ತು, ಗಿರಾಕಿಯ ಕಾಲ ಬಳಿ. ಒಂದೊಂದು ನಟ್ಟು ಬಿಚ್ಚಿದಾಗಲೂ ಅದನ್ನು ತಟ್ಟೆಯಲ್ಲಿ ನನ್ನ ಮುಂದಿಟ್ಟು, ಅಂಗೈಗಳನ್ನು ಬಿಚ್ಚಿ ತೋರಿಸಿ, ಆಮೇಲೆ ಮುಂದಿನದಕ್ಕೆ ಕೈ ಹಾಕುತ್ತಿದ್ದ. ಬೇಕೆಂದು ಚುಚ್ಚಲು ಮಾಡಿದ್ದಲ್ಲ. ಅದು ಅವನಿಗೆ ರೂಢಿಯಾಗಿತ್ತು. ಬಾಯಿ ಬಿಟ್ಟವಳು ಅವನ ಹೆಂಡತಿ.

"ವಾಲ್ವ್ ಎಣಿಸ್ಕೊಳ್ರಿ ಸಾಹೇಬ್ರ. ಆಮ್ಯಾಲ ಕಡಿಮಿ ಬಿತ್ತಂದೀರಿ."

ನಾನು ಕೈ ಮುಗಿದು ಎಲ್ಲವನ್ನೂ ಹೇಳಿದೆ. ಅವನು ತಲೆ ಎತ್ತದೆ, "ನನಗ ಗೊತ್ತದಲ್ರಿ ಅದು" ಎಂದ.

ಅವಳು ಸುಮ್ಮನಿರಲಿಲ್ಲ. "ಇವರಜ್ಜ ಕುರಿ ಜಗಳದಾಗ ಖರೇ ಇದ್ದೇ ಆಣಿ ಮಾಡಿದ್ದ. ಅದ ವರ್ಷ ಎರಡು ಕೂಸು ಹೋದ್ವು. ಅವತ್ತಿಂದ ಈ ಮನ್ಯಾಗ ಯಾರೂ ಆಣಿ ಮಾಡಂಗಿಲ್ಲ. ನೀವು ನಿಂತು ಕೇಳಿದ್ರೇನು? ನಮಗ ಗೊತ್ತಿರೂದನ್ನ ನಮಗ ಹೇಳಿ ಏನ್ ಬಂತು? ಎಲ್ಲಿ ಹೇಳಿದ್ರಿ, ಅಲ್ಲಿ ಹೋಗಿ ಹೇಳ್ರಿ."

ಮರುದಿನ ಬೆಳಿಗ್ಗೆ ಚಹಾದಂಗಡಿಗೆ ಹೋಗಿ ಹೇಳಿದೆ. ಅಂದು ಬೀಡಿ ಬಿಸಾಕಿದ್ದ ಮಿಲ್ಲಿನ ಡ್ರೈವರನೂ ಇದ್ದ.

"ಈಗ ಯಾಕ ಹೇಳಾಕತ್ತೀರಿ?" ಎಂದ ಅವನು. "ಏನರ ಹೆದರಿಸಿದ್ನೇನು?"

"ಇಲ್ಲೋ ಮಾರಾಯ. ನಂದೇ ತಪ್ಪು."

"ಮುದುಕ್ರಿಗೆ ಕರುಳು ಚುರುಕ್ ಅಂದದ ಬಿಡು" ಎಂದು ಇನ್ನೊಬ್ಬ ನಕ್ಕ. "ಅವನ ಹೆಂಡ್ತಿ ಅತ್ತಿರಬೇಕು."

ಡ್ರೈವರನನ್ನು ಕೈ ಹಿಡಿದು ಎಬ್ಬಿಸಿ ಕಾರಿನ ಬಳಿಗೆ ಕರೆದೊಯ್ದೆ. ಡಿಕ್ಕಿ ತೆರೆದು ಸ್ಟೆಪ್ನಿಯ ರಬ್ಬರ್ ವಾಲ್ವು ತೋರಿಸಿದೆ, ನಾಲ್ಕು ಗಾಲಿಗಳ ಲೋಹದ ವಾಲ್ವು ತೋರಿಸಿದೆ. ಅವನು ಬಗ್ಗಿ ಬಗ್ಗಿ ನೋಡಿದ. ಒಪ್ಪಿದ ಕೂಡ. "ಖರೇ ಅದ ನೀವಂದದ್ದು." ಹಾಗಾದರೆ ನಾಳೆಯಿಂದ ಮಿಲ್ಲಿನ ಗಾಡಿ ಅಲ್ಲಿ ನಿಲ್ಲಿಸುತ್ತೀಯಾ ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡ. "ಈಗ ಬ್ಯಾರೆ ಕಡಿ ರೂಢಿ ಆಗ್ಯದ್ರಿ. ಇದು ತಗೊಂಡಿಲ್ಲ, ಖರೇ. ಮತ್ತೇನರ ಇದ್ದಿದ್ರ? ಸುಮ್ನ ಯಾಕ."

ಹೇಳಿದರೆ ಆಗದು, ಕುಳಿತು ತೋರಿಸೋಣ ಎಂದುಕೊಂಡೆ. ದಿನಾ ಮಗಳನ್ನು ಬಿಟ್ಟು ಬಂದು ಅವನ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಬಾಗಿಲುಗಳನ್ನು ತೆರೆದಿಟ್ಟು, ಹೋಗಿ ಬರುವವರಿಗೆಲ್ಲ ಕಾಣುವಂತೆ ಬೆಂಚಿನ ಮೇಲೆ ಕೂರತೊಡಗಿದೆ. ಗೊತ್ತಿದ್ದವರು ಎದುರಾದರೆ ಕೂಗಿ ಕರೆದು ಇವನ ಕೈ ಶುದ್ಧ ಎನ್ನುತ್ತಿದ್ದೆ. ಮೂರು ವಾರ ಹೀಗೆ ನಡೆಯಿತು. ಒಂದು ಮಧ್ಯಾಹ್ನ ಅವನ ಹೆಂಡತಿ ಒಂದು ಲೋಟ ಚಹಾ ತಂದು ಬೆಂಚಿನ ಮೇಲಿಟ್ಟಳು.

"ಯಪ್ಪಾ, ಸಿಟ್ಟಿಲ್ದ ಕೇಳ್ರಿ. ನಾಳಿಯಿಂದ ಬರಬ್ಯಾಡ್ರಿ."

"ಯಾಕವ್ವಾ?"

"ನೀವು ಹಿಂಗ ದಿನಾ ಬಂದು ಕುಂತ್ರ ಮಂದಿ ಮತ್ತ ಕೇಳಾಕತ್ತಾರ. ಆ ಮುದುಕ ಅಲ್ಲಿ ಯಾಕ ಕುಂದರ್ತಾನ, ಇಬ್ಬರ ನಡುವ ಏನೋ ಅದ ಅಂತಾರ. ಮರೆಯೋರಿಗೆ ಮರೆಯಾಕ ಬಿಡ್ರಿ."

ಅವಳ ಗಂಡ ದೋಣಿಯ ನೀರಿನಲ್ಲಿ ಟ್ಯೂಬು ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದ. ಚಹಾ ಕುಡಿದು ಲೋಟ ತೊಳೆದಿಟ್ಟು ಎದ್ದೆ.

ಈಗ ಕಾರಿನ ಹವಾ ಇಳಿದಾಗ ಮಾತ್ರ ಅಲ್ಲಿ ನಿಲ್ಲುತ್ತೇನೆ, ಬೇರೆ ಗಿರಾಕಿಗಳಂತೆ. ಅವನು ಇನ್ನೂ ಅಂಗೈ ಬಿಚ್ಚಿ ತೋರಿಸುತ್ತಾನೆ. ಬೇಡ ಎಂದು ಎಷ್ಟು ಸಲ ಹೇಳಿದರೂ ತೋರಿಸುತ್ತಾನೆ.