ಮುಳುಗಿದ ಊರಿನ ಮೇಲೆ ಅರ್ಧ ದಿನ

ದೀಪಾವಳಿ ಸೂಟಿಗೆ ಸೊಲ್ಲಾಪುರದಿಂದ ನನ್ನ ನಾದಿನಿ ಮತ್ತು ಅವಳ ಗಂಡ ಹೊರ್ತಿಯ ನಮ್ಮ ಮನೆಗೆ ಬಂದಿದ್ದರು. ಅಣೆಕಟ್ಟಿನ ಹಿನ್ನೀರಿನ ಮಾತು ತೆಗೆದವಳು ನಾದಿನಿ. "ವೈನಿ, ನಿಮ್ಮ ತವರೂರಿನ ಮ್ಯಾಲೆ ಈಗ ದೋಣಿ ಓಡಸ್ತಾರಂತಲ್ಲ? ಅರ್ಧ ದಿನ ತಿರುಗಿಸಿ, ಮುಳುಗಿದ ಊರೆಲ್ಲಾ ತೋರಸ್ತಾರಂತ. ನಾಳೆ ಹೋಗೂಣೇನ್ರಿ?" ಎಂದಳು.

ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಕೈ ನಿಂತಿತು. ಗಾಳಿ ಜೋರು ಇರ್ತದ, ಬಿಸಿಲು ಐತಿ, ಅದಕ್ಕಿಂತ ಗೋಳಗುಮ್ಮಟ ನೋಡ್ರಿ ಎಂದು ಏನೇನೋ ಹೇಳಿದೆ. ಅವಳ ಗಂಡ ಹೊಸ ಕ್ಯಾಮೆರಾ ತಂದಿದ್ದರು. "ಗುಮ್ಮಟ ಹತ್ತು ಸಲ ನೋಡೇವ್ರಿ. ನೀರಾಗಿನ ಊರು ಎಲ್ಲಿ ನೋಡಾಕ ಸಿಗತೈತಿ? ನಿಮ್ಮ ಅವ್ವನ್ನೂ ಕರಕೊಂಡು ಹೋಗೂಣು, ಅವರಿಗೂ ಸಂತೋಷ ಆಕ್ಕೈತಿ" ಎಂದರು. ಅವ್ವ ಬರಲಿಕ್ಕಿಲ್ಲ ಎಂಬ ಒಂದೇ ಧೈರ್ಯದ ಮೇಲೆ ನಾನು ಹೂಂ ಅಂದೆ. ಹಳೇ ಊರು ಮುಳುಗಿ, ತಮ್ಮನೊಂದಿಗೆ ಕೊಲ್ಹಾರದ ಹೊಸ ಊರಿಗೆ ಬಂದು ಮೂರು ವರ್ಷವಾದರೂ ಅವ್ವ ಒಮ್ಮೆಯೂ ನೀರಿನ ದಂಡೆಗೆ ಹೋಗಿರಲಿಲ್ಲ.

ಆದರೆ ಮರುದಿನ ಮುಂಜಾನೆ ನಮ್ಮ ಜೀಪು ತಮ್ಮನ ಮನೆ ಮುಂದೆ ನಿಂತು, ನಾದಿನಿ ಇಳಿದು ಕೇಳಿದಾಗ, ಅವ್ವ ಒಳಗೆ ಹೋದಳು. ಬೇರೆ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಕೋಲು ಹಿಡಿದು ಹೊರಗೆ ಬಂದಳು. "ನಡೀರಿ. ನಿಮ್ಮ ವೈನಿ ಅಪ್ಪನ ಹೊಲ ಒಂದೀಟು ನೋಡಿ ಬರ್ತೇನಿ" ಎಂದಳು. ಹೊರಡುವ ಮೊದಲು ಹಿತ್ತಲಿಗೆ ಹೋಗಿ ಬೇವಿನ ಬುಡದ ಸಣ್ಣ ಕಟ್ಟೆಗೆ ಕೈ ಮುಗಿದು ಬಂದಳು.

ಆ ಕಟ್ಟೆಯ ವಿಷಯ ಮೊದಲು ಹೇಳಬೇಕು.

ನನ್ನ ಅಪ್ಪನನ್ನು ನಮ್ಮ ಪದ್ಧತಿಯಂತೆ ಹಳೇ ಊರಿನ ಹೊಳೆದಂಡೆಯ ಹೊಲದಲ್ಲೇ ಕೂಡ್ರಿಸಿ ಮಣ್ಣು ಮಾಡಿದ್ದರು. ಮೇಲೆ ಒಂದು ಕಲ್ಲು, ಪಕ್ಕದಲ್ಲಿ ಒಂದು ಬನ್ನಿ ಗಿಡ. ಅಣೆಕಟ್ಟಿನ ನೀರು ಈ ಮಳೆಗಾಲಕ್ಕೆ ಬರುವುದು ಖಂಡಿತ ಎಂದು ಊರು ಬಿಡಿಸುತ್ತಿದ್ದ ವರ್ಷ ಅವ್ವ ಅಂಗಳದಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ತಮ್ಮನಿಗೆ ಮನೆಯ ಬಾಗಿಲು, ತೊಲೆ, ಕಲ್ಲು ಕಿತ್ತು ಸಾಗಿಸುವುದು, ಎಮ್ಮೆಗಳಿಗೆ ಜಾಗ ಮಾಡುವುದು, ಅಷ್ಟರಲ್ಲೇ ಸಾಕಾಗಿತ್ತು. ಅವ್ವನನ್ನು ನಾನು ಹೊರ್ತಿಗೆ ಕರೆತಂದೆ. ನಮ್ಮ ಪಡಸಾಲೆಯ ಮಂಚದ ಮೇಲೆ ಮಲಗಿ ಅವಳು ಕೇಳಿದ್ದು ಒಂದೇ.

"ನೀರು ಬರೂಕಿಂತ ಮೊದಲ ನೀ ಹೋಗಿ, ಹೊಸಾ ಮಡಿಕ್ಯಾಗ ಅಪ್ಪನ ಮಣ್ಣು ಒಂದು ಬೊಗಸಿ ತಗೊಂಡು ಬಾ. ತಮ್ಮಗ ಹೇಳಬ್ಯಾಡ, ಅವಗ ಕೆಲಸಾ ಭಾಳ ಅದಾವ. ಅಪ್ಪಗ ನೀ ಅಂದ್ರ ಜೀವ ಇತ್ತು. ನೀನ ತರಬೇಕು."

ಕಾರಹುಣ್ಣಿಮೆಗೆ ಹೋಗುತ್ತೇನೆ ಎಂದಿದ್ದೆ. ಆಗಷ್ಟೇ ಶಾಲೆ ಶುರುವಾಗಿತ್ತು. ನಾನು ಸಾಲಿಯ ಟೀಚರು. ಹೊಸ ಮಕ್ಕಳ ದಾಖಲಾತಿ, ಹೆಡ್ ಮಾಸ್ತರರ ರಜೆ, ಆಮೇಲೆ ನನ್ನ ಮಗಳಿಗೆ ಜ್ವರ. ಎರಡು ಬಸ್ಸು ಬದಲಿಸಿ ಹೋಗಬೇಕು. ಮುಂದಿನ ರವಿವಾರ, ಅದರ ಮುಂದಿನ ರವಿವಾರ ಎನ್ನುತ್ತ ನಾಗರ ಪಂಚಮಿ ಬಂತು. ಹಬ್ಬದ ಉಂಡಿ ಕಟ್ಟಿದ ವಾರ ಕಳೆದ ಮೇಲೆ ನಾನು ಹೋದೆ. ದಾರಿ ಅರ್ಧಕ್ಕೇ ಮುಗಿದಿತ್ತು. ರಸ್ತೆ ನೀರಿನೊಳಗೆ ಇಳಿದು ಹೋಗಿತ್ತು. ದೂರದಲ್ಲಿ ಊರಿನ ಎತ್ತರದ ಮಾಳಿಗೆಗಳು ಕಾಣುತ್ತಿದ್ದವು, ಹೊಲ ಎಲ್ಲಿತ್ತೆಂಬುದೇ ತಿಳಿಯಲಿಲ್ಲ. ನಾನು ಅಲ್ಲಿ ಎಷ್ಟು ಹೊತ್ತು ನಿಂತೆನೋ. ಆಮೇಲೆ ರಸ್ತೆಯ ಬದಿಗೆ ಯಾರದೋ ಹೊಲದ ಬದುವಿನ ಕರಿಮಣ್ಣನ್ನು ಮಡಿಕೆಗೆ ತುಂಬಿಕೊಂಡು ತಿರುಗಿದೆ.

ಮನೆಗೆ ಬಂದು ನಿಜ ಹೇಳಬೇಕೆಂದೇ ಇದ್ದೆ. ಆದರೆ ಅವ್ವ ಎರಡೂ ಕೈ ಚಾಚಿ ಮಡಿಕೆ ಇಸಿದುಕೊಂಡು ಎದೆಗೆ ಒತ್ತಿಕೊಂಡಳು. "ಕಲ್ಲು ಹಂಗ ಐತೇನು?" ಎಂದಳು. ಐತಿ ಅಂದೆ. "ಬನ್ನಿ ಗಿಡಾ?" ಚಿಗತೈತಿ ಅಂದೆ. ಅವಳ ಮುಖ ಹೂವಿನಂತೆ ಅರಳಿತು. ನನಗೂ ಆಗ ಒಂದು ರೀತಿಯ ಸಮಾಧಾನವೇ ಆಯಿತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೊಸ ಊರಿಗೆ ಹೋದ ಮೇಲೆ ಅವಳು ಆ ಮಣ್ಣನ್ನು ಬೇವಿನ ಬುಡದಲ್ಲಿಟ್ಟು ಕಟ್ಟೆ ಕಟ್ಟಿಸಿ, ದಿನಾ ಹೂವು, ವಿಭೂತಿ ಏರಿಸಿ, ಎಮ್ಮೆ ಕರೆದ ಮೊದಲ ಹಾಲನ್ನು ಅಲ್ಲಿಗೇ ಒಯ್ಯುತ್ತಿದ್ದಳು.

ಆ ದಿನ ನಾವು ಹೋದಾಗ ದೋಣಿ ಹೊಳೆಯ ಸೇತುವೆಯ ಈಚೆ ದಂಡೆಗೆ ನಿಂತಿತ್ತು. ಎಂಜಿನ್ನಿನ ದೋಣಿ, ನಡುವೆ ಎರಡು ಹಲಗೆಯ ಬೆಂಚು, ಮೇಲೆ ಬಿಸಿಲಿಗೆ ಹಳದಿ ತಾಡಪತ್ರಿಯ ಹೊದಿಕೆ. ದೋಣಿಯವನನ್ನು ನೋಡಿದ ಕೂಡಲೇ ಗುರುತು ಹತ್ತಿತು. ಸೇತುವೆ ಆಗುವ ಮೊದಲು ಹಳೇ ಊರಿನ ಹೊಳೆಘಟ್ಟದಲ್ಲಿ ದೋಣಿ ಹಾಕಿ ಜನರನ್ನು ದಾಟಿಸುತ್ತಿದ್ದವರ ಮಗ. ಈಗ ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನು ಅವ್ವನ ಕಾಲು ಮುಟ್ಟಿ, "ಅಕ್ಕಾರ, ನೀವು ಬಂದ್ರಲ್ಲ!" ಎಂದು ಮಗುವನ್ನು ಎತ್ತಿದಂತೆ ಅವಳನ್ನು ಎತ್ತಿ ಬೆಂಚಿನ ಮೇಲೆ ಕೂಡ್ರಿಸಿದ.

ನೀರು ತುಂಬಿ ಸಮುದ್ರದಂತಿತ್ತು. ಸ್ವಲ್ಪ ಹೊತ್ತಿನಲ್ಲಿ ಹಳೇ ಊರು ಬಂತು. ಬಂತು ಎಂದರೆ, ಅಲ್ಲೊಂದು ಇಲ್ಲೊಂದು ಗೋಡೆಯ ತುದಿ, ಒಂದು ಗುಡಿಯ ಶಿಖರ, ಅದರ ಮೇಲೆ ಸಾಲಾಗಿ ಕೂತ ನೀರುಕಾಗೆಗಳು. ದೋಣಿಯವನು ಎಂಜಿನ್ ಸಣ್ಣ ಮಾಡಿ, ನೋಡುವವರಿಗೆಂದು ರೂಢಿಯಾದ ದನಿಯಲ್ಲಿ ಹೇಳತೊಡಗಿದ. "ಈಗ ನಾವು ಊರ ಅಗಸಿ ಒಳಗ ಹೊಂಟೇವ್ರಿ. ಇದು ಭಾಳ ಹಳೀ ಕಾಲದ್ದು, ಆನಿ ಹೋಗುವಷ್ಟು ಎತ್ತರದ ಬಾಗಿಲಾ ಇತ್ತು. ಎಡಕ್ಕ ವಾಡೇದ ಬುರುಜು, ಬಲಕ್ಕ ಬಜಾರ."

"ಬಜಾರ ಅಲ್ಲೆಲ್ಲೈತೋ?" ಅವ್ವ ತಟ್ಟನೆ ಎಂದಳು. "ಅದು ಬಾರಕೇರರ ಓಣಿ. ಬಜಾರ ಆ ಶಿಖರದ ಆಚಿಗಿ. ಸುಳ್ಳ ಹೇಳಬ್ಯಾಡ ಬಂದವರಿಗಿ."

ಅವನು ನಕ್ಕ. "ನೀವ ಹೇಳ್ರಿ ಹಂಗಾರ."

ಆಮೇಲೆ ಅವ್ವನೇ ಹೇಳಿದಳು. ಕೋಲು ನೇರ ಚಾಚಿ ನೀರಿನ ಮೇಲೆ ಓಣಿ ತೋರಿಸುತ್ತ ಹೋದಳು. ಇದು ಮೊಸರಿನ ಮಡಿಕೆ ಸಾಲಾಗಿ ಇಡುತ್ತಿದ್ದ ಕಟ್ಟೆ. ಇಲ್ಲಿ ಹೆಂಗಸರ ಬಾವಿ, ಇಳಿಯಲಿಕ್ಕೆ ಹನ್ನೆರಡು ಪಾವಟಿಗೆ. ಇದು ನಿಮ್ಮ ವೈನಿ ಹುಟ್ಟಿದ ಮನೆ, ಈ ದೋಣಿಯ ಕೆಳಗೇ ಐತಿ ನೋಡವ್ವಾ ಎಂದು ನಾದಿನಿಗೆ ಹೇಳಿದಾಗ, ನಾದಿನಿ ಅಂಚಿಗೆ ಬಾಗಿ ಕೆಳಗೆ ನೋಡಿದಳು. ಮಣ್ಣುಬಣ್ಣದ ನೀರು ಬಿಟ್ಟು ಏನೂ ಕಾಣಲಿಲ್ಲ. ಅವಳ ಗಂಡ ಅವ್ವನ ಫೋಟೋ ತೆಗೆದರು. ಆ ಫೋಟೋದಲ್ಲಿ ಅವ್ವ ಮದುಮಗಳಂತೆ ನೆಟ್ಟಗೆ ಕೂತಿದ್ದಾಳೆ. ಪಕ್ಕದಲ್ಲಿ ನಾನು ಕಣ್ಣು ಬೇರೆ ಕಡೆ ತಿರುಗಿಸಿಕೊಂಡಿದ್ದೇನೆ.

ಇನ್ನು ತಿರುಗೋಣವೇ, ಊಟದ ಹೊತ್ತಾಯಿತು ಎಂದು ನಾನು ಎರಡು ಸಲ ಅಂದೆ. ಅವ್ವ ಕೇಳಲಿಲ್ಲ. "ಹೊಲದ ಕಡೆ ನಡಿಯೋ" ಎಂದಳು. ದೋಣಿ ಊರು ದಾಟಿ ಪಡುವಲಿಗೆ ಹೊರಳಿತು.

ಅಷ್ಟರಲ್ಲಿ ಗಾಳಿ ಎದ್ದಿತು. ತಾಡಪತ್ರಿ ಪಟಪಟ ಹೊಡೆದುಕೊಂಡಿತು, ತೆರೆಗಳು ದೋಣಿಯ ಮಗ್ಗುಲಿಗೆ ಬಡಿದು ನಮ್ಮ ಮೇಲೆ ನೀರು ಸಿಡಿಯಿತು. ಮರುಕ್ಷಣ ಕೆಳಗೆ ಏನೋ ಗರಗರ ಎಂದು ಎಂಜಿನ್ ನಿಂತೇ ಹೋಯಿತು. ಮುಳುಗಿದ ಜಾಲಿಗಿಡದ ಟೊಂಗೆಗಳು ಎಂಜಿನ್ನಿನ ಪಂಖಕ್ಕೆ ಸುತ್ತಿಕೊಂಡಿದ್ದವು. ದೋಣಿ ಒಂದು ಕಡೆಗೆ ವಾಲಿ ನಿಂತಿತು. ನಾದಿನಿ ಗಂಡನ ತೋಳು ಹಿಡಿದು ಅಳಲಿಕ್ಕೆ ಶುರು ಮಾಡಿದಳು. ಅವರಿಬ್ಬರಿಗೂ ಈಜು ಬರುತ್ತಿರಲಿಲ್ಲ, ನನಗೂ ಅಷ್ಟಕ್ಕಷ್ಟೆ.

"ಅಂಜಬ್ಯಾಡ್ರಿ, ಅಲುಗಾಡದ ಕೂಡ್ರಿ" ಎಂದು ದೋಣಿಯವನು ಕುಡಗೋಲು ಹಿಡಿದು ನೀರಿಗೆ ಇಳಿದ. ಮುಳುಗುವನು, ಕತ್ತರಿಸುವನು, ಏಳುವನು. ಅರ್ಧ ತಾಸಾದರೂ ಹಾಗೆ ನಡೆಯಿತು. ಅವ್ವ ಮಾತ್ರ ಅಂಜಲಿಲ್ಲ. ಸುತ್ತ ನೋಡಿ, ದೂರದ ಗುಡ್ಡ ನೋಡಿ, ಸೇತುವೆ ನೋಡಿ ಲೆಕ್ಕ ಹಾಕುತ್ತಿದ್ದಳು.

ಒಮ್ಮೆ ಅವನು ಮೇಲೆದ್ದು ದೋಣಿಯ ಅಂಚು ಹಿಡಿದು ದಮ್ಮು ತಗೊಳ್ಳುವಾಗ ಅವ್ವ ಕೇಳಿದಳು: "ನಮ್ಮ ಹೊಲ ಇಲ್ಲೇ ಅಲ್ಲೇನು?"

"ಇಲ್ಲೇ ರೀ ಅಕ್ಕಾರ. ನಾವು ನಿಮ್ಮ ಹೊಲದಾಗ ನಿಂತೇವಿ."

ಅವ್ವ ಸೆರಗಿನ ಗಂಟು ಬಿಚ್ಚಿ ನಾಲ್ಕು ಸೇವಂತಿಗೆ ಹೂ ತೆಗೆದು ನೀರಿಗೆ ಬಿಟ್ಟಳು. "ಪುಣ್ಯಾಕ್ಕ ಮಗಳು ಬಂದು ಮಣ್ಣು ತಂದಳಪ್ಪಾ. ಇಲ್ಲಂದ್ರ ಅವರ ಗುರ್ತಾನ ಉಳೀತಿರಲಿಲ್ಲ."

"ಯಾವಾಗ ಬಂದಿದ್ರಿ ಟೀಚರ?" ಅವನು ಸುಮ್ಮನೆ, ಮಾತಿಗೆಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು: "ಪಂಚಮಿ ಆದ ವಾರಕ್ಕ."

ಅವನು ಮುಖದ ಮೇಲಿನ ನೀರು ಒರೆಸಿಕೊಂಡ. "ಇಲ್ಲ ಬಿಡ್ರಿ. ಆ ವರ್ಷ ಪಂಚಮಿಗೆ ಈ ಹೊಲದಾಗ ಆಳುದ್ದ ನೀರು. ಮೊದಲಿಗೆ ಮುಳುಗಿದ್ದ ಈ ಪಟ್ಟಿ. ಪಂಚಮಿ ದಿನ ನಾ ಇಲ್ಲೇ ಮೀನಿಗೆ ಬಲಿ ಬೀಸೇನಿ. ಕಾರಹುಣ್ಣಿವಿಗೆ ಬಂದಿರಬೇಕು ಅವರು."

ಅವ್ವ ನನ್ನ ಕಡೆ ತಿರುಗಿದಳು. ಕಾರಹುಣ್ಣಿಮೆಗೆ ಬಂದಿದ್ದೆ ಎಂದು ಹೇಳಲು ಬರುವಂತಿರಲಿಲ್ಲ; ಹೋಗಿ ಬಂದ ದಿನ ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾನು ತಲೆ ತಗ್ಗಿಸಿದೆ. ದೋಣಿಯವನಿಗೆ ಏನೋ ಹೊಳೆದಿರಬೇಕು, ಮಾತು ಮುಂದುವರಿಸದೆ ಮತ್ತೆ ಮುಳುಗಿದ. ನಾದಿನಿಯೂ ಅವಳ ಗಂಡನೂ ತಮ್ಮ ಭಯದಲ್ಲಿದ್ದರು, ಅವರಿಗೆ ಏನೂ ತಿಳಿಯಲಿಲ್ಲ.

ಅವ್ವ ಸಣ್ಣ ದನಿಯಲ್ಲಿ ಕೇಳಿದಳು: "ಯಾರ ಹೊಲದ್ದು?"

"ಗೊತ್ತಿಲ್ಲವ್ವಾ" ಎಂದೆ.

ಅಷ್ಟೇ. ಹೂಗಳು ತೆರೆಗೆ ಸಿಕ್ಕು ದೋಣಿಯ ಹಿಂದಕ್ಕೆ ಹೋಗಿದ್ದವು. ಪಂಖ ಬಿಡಿಸಿಕೊಂಡು, ಎಂಜಿನ್ ಹೊತ್ತಿ, ದೋಣಿ ದಂಡೆಯ ಕಡೆ ತಿರುಗಿತು. ದಾರಿಯಲ್ಲಿ ಅಗಸಿ ಬಾಗಿಲಿನ ಜಾಗ ಬಂದಾಗಲೂ ಅವ್ವ ಕೋಲು ಎತ್ತಲಿಲ್ಲ. ದೋಣಿಯವನೂ ಏನನ್ನೂ ತೋರಿಸಲಿಲ್ಲ. ಇಳಿಯುವಾಗ ಕೈ ಕೊಡಲು ಹೋದೆ. ಅವಳು ನಾದಿನಿಯ ಗಂಡನ ಹೆಗಲು ಹಿಡಿದು ಇಳಿದಳು.

ಮನೆಯಲ್ಲಿ ಅವ್ವ ಬಂದವರಿಗೆ ಯಾವ ಕೊರತೆಯನ್ನೂ ಮಾಡಲಿಲ್ಲ. ಬಿಸಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಗಟ್ಟಿ ಮೊಸರು, ಎಲ್ಲವನ್ನೂ ಒತ್ತಾಯ ಮಾಡಿ ಬಡಿಸಿದಳು. ನನ್ನ ತಾಟಿಗೂ ಬಡಿಸಿದಳು, ಮುಖ ನೋಡದೆ. ದೋಣಿ ಸಿಕ್ಕಿಬಿದ್ದ ಸಂಗತಿಯನ್ನು ನಾದಿನಿ ಈಗ ನಗುತ್ತ ಹೇಳುತ್ತಿದ್ದಳು.

ಎರಡು ವಾರ ಬಿಟ್ಟು ಒಬ್ಬಳೇ ಹೋದೆ. ಅವ್ವ ಹಿತ್ತಲಲ್ಲಿ ಮೆಂತ್ಯೆ ಸೋಸುತ್ತ ಕೂತಿದ್ದಳು. ಕಟ್ಟೆಯ ಮೇಲೆ ಹೂವಿರಲಿಲ್ಲ. ನಾನು ಅವಳ ಪಾದದ ಹತ್ತಿರ ಕೂತು ಎಲ್ಲ ಹೇಳಿದೆ: ಶಾಲೆ, ಮಗಳ ಜ್ವರ, ನೀರಿನೊಳಗೆ ಇಳಿದುಹೋದ ರಸ್ತೆ. "ತಪ್ಪಾತವ್ವಾ" ಎಂದೆ.

ಅವಳು ಸೊಪ್ಪು ಕೆಳಗಿಟ್ಟಳು. "ನೀ ತಡಾ ಮಾಡಿದಿ ಅಂತ ನನಗ ಸಿಟ್ಟಿಲ್ಲ. ಸಂಸಾರಸ್ಥಳು, ನೌಕರಿ ಐತಿ. ನೀರು ಬಂದಿತ್ತವ್ವಾ, ಆಗಲಿಲ್ಲ ಅಂದಿದ್ರ ಒಂದಿನ ಅತ್ತು ಸುಮ್ಮನಾಗ್ತಿದ್ದೆ. ಕಲ್ಲು ಐತಿ ಅಂದಿ. ಬನ್ನಿ ಗಿಡ ಚಿಗತೈತಿ ಅಂದಿ. ಅದನ್ನೆಲ್ಲಾ ಯಾಕ ಹೇಳಿದಿ? ಮೂರು ವರ್ಷ ನಾ ಕಣ್ಣ ಮುಚ್ಚಿದ್ರ ಆ ಚಿಗುರ ಕಾಣತಿತ್ತು."

ಅವಳನ್ನು ಸಂತೋಷಪಡಿಸಲಿಕ್ಕೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಅವಳು ಮತ್ತೇನೂ ಕೇಳದಿರಲಿ, ಮಾತು ಅಲ್ಲಿಗೆ ಮುಗಿಯಲಿ ಎಂಬುದೇ ಆ ಹೊತ್ತಿನಲ್ಲಿ ನನಗೆ ಬೇಕಾಗಿತ್ತು.

ಮುಂದಿನ ಬೇಸಿಗೆಯಲ್ಲಿ ನೀರು ಬಹಳ ಇಳಿಯಿತು. ಅವ್ವ ನನಗೆ ಹೇಳದೆ, ತಮ್ಮನ ಹೆಂಡತಿಯನ್ನು ಕರೆದುಕೊಂಡು ಅದೇ ದೋಣಿಯವನೊಂದಿಗೆ ಹೊಲಕ್ಕೆ ಹೋಗಿ ಬಂದಳಂತೆ. ತಮ್ಮನ ಹೆಂಡತಿ ಆಮೇಲೆ ನನಗೆ ಹೇಳಿದಳು. ಮೊಣಕಾಲು ಹೂಳುವಷ್ಟು ರೇವೆಯ ಕೆಸರು ಬಿದ್ದಿತ್ತು. ಜಾಲಿಯ ಬೊಡ್ಡೆಗಳಿದ್ದವು, ಬನ್ನಿ ಸತ್ತಿತ್ತೋ ಕೊಚ್ಚಿಹೋಗಿತ್ತೋ ಗೊತ್ತಾಗಲಿಲ್ಲ. ಕಲ್ಲಿಗಾಗಿ ದೋಣಿಯವನು ಹಾರೆಯಿಂದ ಅಲ್ಲಲ್ಲಿ ಚುಚ್ಚಿ ನೋಡಿದ, ತಾಗಲಿಲ್ಲ. ಅವ್ವ ಕೆಸರಿನಲ್ಲಿ ಒಂದು ಜಾಗ ಆರಿಸಿ, ಇಲ್ಲೇ ಇರಬೇಕು ಎಂದು ಒಂದು ಬೊಗಸೆ ತೆಗೆದುಕೊಂಡಳು. ಅದನ್ನು ಕಟ್ಟೆಗೆ ತಂದು ಹಾಕಿದಳು. ಹಳೇ ಮಣ್ಣನ್ನು ತೆಗೆಯಲಿಲ್ಲವಂತೆ. ತಮ್ಮನ ಹೆಂಡತಿ ಯಾಕೆಂದು ಕೇಳಿದ್ದಕ್ಕೆ, "ಮೂರು ವರ್ಷ ಕೈ ಮುಗದೇನಿ. ಯಾರದ್ದರ ಇರಲಿ, ಈಗ ಎಲ್ಲಿ ಒಗೀಲಿ?" ಎಂದಳಂತೆ.

ಅದಾದ ಮೇಲೆ ಅವ್ವ ಆರೇಳು ವರ್ಷ ಬದುಕಿದ್ದಳು. ನನ್ನೊಂದಿಗೆ ಮಾತು ಬಿಡಲಿಲ್ಲ. ಹಬ್ಬಕ್ಕೆ ಕರೆಯುತ್ತಿದ್ದಳು, ನನ್ನ ಮಗಳ ಮದುವೆಯಲ್ಲಿ ಮುಂದೆ ನಿಂತು ಎಲ್ಲ ಶಾಸ್ತ್ರ ಮಾಡಿಸಿದಳು. ಆದರೆ ನನಗೆ ಒಂದು ಕೆಲಸವನ್ನೂ ಹೇಳಲಿಲ್ಲ. ಕಣ್ಣಿನ ಆಪರೇಶನ್ನಿಗೆ ವಿಜಾಪುರಕ್ಕೆ ಹೋಗುವಾಗ ನಾನು ರಜೆ ಹಾಕಿ ಬಂದು ನಿಂತಿದ್ದೆ. "ಸಾಲಿ ತಪ್ಪಿಸಬ್ಯಾಡ, ಸೊಸಿ ಬರ್ತಾಳ" ಎಂದು ತಮ್ಮನ ಹೆಂಡತಿಯ ಕೈ ಹಿಡಿದು ಬಸ್ಸು ಹತ್ತಿದಳು.